ವಿನುತಾಳ ಕೈಮಾತಿಗೆ ನಾನು ಕಣ್ಣಾದದ್ದು

ನಾನು ಒಂದು ವೆಬ್‌ಕ್ಯಾಮೆರಾ. ಕಂಪ್ಯೂಟರ್ ಪರದೆಯ ನೆತ್ತಿಗೆ ಕ್ಲಿಪ್ ಹಾಕಿ ಕೂರಿಸುತ್ತಾರಲ್ಲ, ಅದೇ. ಹುಣಸೆಬೀಜದಷ್ಟು ಕಣ್ಣು, ಅದರ ಪಕ್ಕ ಸೂಜಿ ತೂರುವಷ್ಟು ಕಿವಿ, ಹಿಂದೆ ಉದ್ದನೆಯ ಬಾಲ. ನೋಡಲಿಕ್ಕೂ ಸೈ, ಕೇಳಲಿಕ್ಕೂ ಸೈ, ಬಾಯಿ ಮಾತ್ರ ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಎಷ್ಟು ಮನೆಗಳ ಗುಟ್ಟು ಬೀದಿಗೆ ಬರುತ್ತಿತ್ತೋ. ಆ ಮಟ್ಟಿಗೆ ನನ್ನನ್ನು ಮಾಡಿದವರು ಬುದ್ಧಿವಂತರು.

ಹುಟ್ಟಿದ್ದು ಚೀನಾದ ಒಂದು ಕಾರ್ಖಾನೆಯಲ್ಲಿ. ಊರಿನ ಹೆಸರು ಗೊತ್ತಿಲ್ಲ. ಗಾಜಿನ ಕಣ್ಣು ಕೂರಿಸಿ, ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಡಬ್ಬಿಗೆ ತುರುಕಿದರು. ಮತ್ತೆ ಕಣ್ಣು ಬಿಟ್ಟಿದ್ದು ದಾವಣಗೆರೆಯ ಒಂದು ಸೈಬರ್ ಕೆಫೆಯಲ್ಲಿ. ಅಲ್ಲಿ ನನ್ನ ದರ್ಬಾರು ಕೇಳಬೇಡಿ. ದುಬೈಗೆ ಹೋದ ಗಂಡನ ಹತ್ತಿರ ಮಾತಾಡಲು ಮೂರು ಮಕ್ಕಳ ತಾಯಿ ಪೌಡರ್ ಹಾಕಿಕೊಂಡು ಬಂದು ಕೂರುತ್ತಿದ್ದಳು. ಕಾಲೇಜು ಹುಡುಗರು ಬಾಚಣಿಗೆ ತೆಗೆದು ನನ್ನನ್ನೇ ಕನ್ನಡಿ ಮಾಡಿಕೊಳ್ಳುತ್ತಿದ್ದರು. ನನ್ನ ಮುಂದೆ ಕೂತವರೆಲ್ಲ ಒಂದು ಸುತ್ತು ಜೋರಾಗಿ "ಹಲೋ, ಕೇಳಿಸ್ತಿದೆಯಾ?" ಅಂತ ಕೂಗಿಯೇ ಮಾತು ಶುರು ಮಾಡುತ್ತಿದ್ದರು. ಕಣ್ಣಿಗಿಂತ ಕಿವಿಯೇ ನನ್ನ ದೊಡ್ಡ ಆಸ್ತಿ ಅಂತ ಆಗ ನಾನು ನಂಬಿದ್ದೆ.

ಆಮೇಲೆ ಎಲ್ಲರ ಜೇಬಿಗೂ ಫೋನ್ ಬಂತು, ಫೋನಿಗೇ ಕಣ್ಣು ಬಂತು. ಕೆಫೆಯ ಒಂದೊಂದೇ ಕುರ್ಚಿ ಖಾಲಿಯಾಯಿತು. ಕೊನೆಗೆ ಮಾಲೀಕ ಶಫೀಉಲ್ಲಾ ಅಲ್ಲಿ ಕಬ್ಬಿನಹಾಲಿನ ಯಂತ್ರ ಇಟ್ಟ. ಕಂಪ್ಯೂಟರುಗಳನ್ನು ಒಂದು ಮೂಲೆಗೆ ರಾಶಿ ಹಾಕಿ, ಬೇಕಾದವರು ತಗೊಂಡು ಹೋಗಿ ಅಂದ. ಆ ರಾಶಿಯಿಂದ ನನ್ನನ್ನು ಎತ್ತಿ, ಅಂಗಿಯ ತುದಿಯಿಂದ ನನ್ನ ಕಣ್ಣು ಒರೆಸಿದವರೇ ತಿಪ್ಪೇರುದ್ರಪ್ಪ.

"ಶಫಿ, ಇದನ್ನ ಗುಜರಿಗೆ ಹಾಕ್ತೀಯಾ? ಗಾಜಿನ ಲೆನ್ಸ್ ಕಣೋ ಇದು. ಈಗ ಬರೋವೆಲ್ಲ ಪ್ಲಾಸ್ಟಿಕ್ಕು," ಅಂದರು. ಹೊಗಳಿಕೆ ಕೇಳಿ ಯಾರಿಗೆ ತಾನೇ ಖುಷಿಯಾಗಲ್ಲ ಹೇಳಿ. ಒಂದು ಹಳೇ ಕಂಪ್ಯೂಟರ್ ಜೊತೆ ನಾನೂ ಅವರ ಸ್ಕೂಟರ್ ಹತ್ತಿದೆ.

ತಿಪ್ಪೇರುದ್ರಪ್ಪನವರು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿ ಮುಂದೆ ಸೀರೆ ಹರಡುವ ಹಾಗೇ ತಮ್ಮ ಅಭಿಪ್ರಾಯಗಳನ್ನೂ ಹರಡುವ ಮನುಷ್ಯ. ಬೇಕು ಅಂದರೂ ಹರಡುತ್ತಾರೆ, ಬೇಡ ಅಂದರೂ ಹರಡುತ್ತಾರೆ. ವರ್ಷಕ್ಕೊಂದು ಫೋನ್ ಕೊಳ್ಳೋದು ಶುದ್ಧ ದಂಡ. ಫೋನ್ ಇರೋದು ಬರೀ ನೋಡೋಕೆ, ಕೆಲಸ ಮಾಡೋಕೆ ಕಂಪ್ಯೂಟರೇ ಬೇಕು. ನಿಧಾನವಾಯಿತು ಅಂತ ಕಂಪ್ಯೂಟರ್ ಎಸೀಬೇಡಿ, ಒಳಗಿನ ಹಾರ್ಡ್‌ಡಿಸ್ಕ್ ಬದಲಾಯಿಸಿ, ಕುದುರೆ ಹಾಗೆ ಓಡುತ್ತೆ. ವೈ-ಫೈ ಗಾಳಿಮಾತು, ತಂತಿ ಅಂದ್ರೆ ತಂತಿ. ಇವೆಲ್ಲ ಅವರು ದಿನಾ ಹೇಳುವ ಮಾತು. ಗೌರಿ ಹಬ್ಬಕ್ಕೆ ಸೀರೆ ಕೊಳ್ಳಲು ಬಂದ ಹೆಂಗಸರು ರೇಷ್ಮೆಯ ಜೊತೆ ರೂಟರ್ ಬಗ್ಗೆಯೂ ತಿಳಿದುಕೊಂಡೇ ಹೋಗಬೇಕಿತ್ತಂತೆ.

"ರೀ, ಸೀರೆ ಕೇಳಿದವರಿಗೆ ಸೀರೆ ತೋರಿಸ್ರಿ. ಇಂಟರ್ನೆಟ್ ಉಟ್ಕೊಂಡು ಹೋಗೋಕಾಗುತ್ತಾ ಅವರು?" ಅಂತ ಹೆಂಡತಿ ಹಾಲಮ್ಮ ಬೈಯುತ್ತಿದ್ದರು.

"ಡೌನ್‌ಲೋಡ್ ಸ್ಪೀಡ್ ಹೇಳಿ ಎಲ್ಲರನ್ನೂ ಯಾಮಾರಿಸ್ತಾರೆ ಕಣೇ. ಅಪ್‌ಲೋಡ್ ಎಷ್ಟು ಅಂತ ಕೇಳಿ ಅಂತೀನಿ, ತಪ್ಪಾ?"

ತಪ್ಪಲ್ಲ. ಅಪ್‌ಲೋಡ್ ಅಂದರೆ ನಮ್ಮ ಕಡೆಯಿಂದ ಆಚೆಗೆ ಹೋಗುವ ವೇಗ. ಅದರ ಮೇಲೆ ಅವರಿಗೆ ಅಷ್ಟು ಕಾಳಜಿ ಯಾಕೆ ಅನ್ನೋದು ಆ ಮನೆಗೆ ಹೋದ ಮೊದಲ ದಿನವೇ ನನಗೆ ತಿಳಿಯಿತು.

ನನ್ನನ್ನು ಕಂಪ್ಯೂಟರಿನ ಮೇಲೆ ಕೂರಿಸಿ, ತಂತಿ ಸಿಕ್ಕಿಸಿ, ಅವರು ಪಕ್ಕಕ್ಕೆ ಸರಿದರು. ಎದುರಿಗೆ ಒಂದು ಹುಡುಗಿ ಬಂದು ಕೂತಳು. ಅವರ ಮಗಳು ವಿನುತಾ. ನಾನು ಕಿವಿ ನಿಮಿರಿಸಿ "ಹಲೋ"ಗೆ ಕಾದೆ. ಅವಳು ಹಲೋ ಅನ್ನಲಿಲ್ಲ. ಎರಡೂ ಕೈ ಎತ್ತಿ ಗಾಳಿಯಲ್ಲಿ ಮಾತಾಡಲು ಶುರು ಮಾಡಿದಳು. ಬೆರಳು, ಅಂಗೈ, ಹುಬ್ಬು, ಕೆನ್ನೆ ಎಲ್ಲ ಮಾತಾಡುತ್ತಿದ್ದವು. ವಿನುತಾಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ನೆಟ್ ಸ್ವಲ್ಪ ನಿಧಾನವಾದರೆ ಬೇರೆಯವರಿಗೆ ಚಿತ್ರ ಮಸುಕಾಗುತ್ತೆ ಅಷ್ಟೇ, ದನಿ ಕೇಳುತ್ತೆ. ಇವಳಿಗೆ ಹಾಗಲ್ಲ, ಬೆರಳು ಮಸುಕಾದರೆ ಮಾತೇ ಹೋಯಿತು.

ಮೊದಮೊದಲು ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ಒಳ್ಳೆಯ ಕಿವಿ ಇಟ್ಟುಕೊಂಡು ಇಲ್ಲಿ ಕೂರಬೇಕಾ ಅಂತ. ಆದರೆ ದಿನ ಕಳೆದ ಹಾಗೆ ನೋಡುವುದರಲ್ಲೇ ಮುಳುಗಿಹೋದೆ. ಪರದೆ ನನ್ನ ಹೊಟ್ಟೆಯ ಕೆಳಗಿರುತ್ತದೆ, ನನಗೆ ಕಾಣುವುದಿಲ್ಲ. ಪುಣ್ಯಕ್ಕೆ ವಿನುತಾಳ ಬೆನ್ನ ಹಿಂದೆ ಕನ್ನಡಿ ಇದ್ದ ಒಂದು ಬೀರು ಇತ್ತು. ಅದರಲ್ಲಿ ಆ ಕಡೆಯ ಗೆಳತಿಯರ ಕೈಗಳೂ ಕಾಣುತ್ತಿದ್ದವು. ಹೀಗೆ ನೋಡುತ್ತಾ ನೋಡುತ್ತಾ ಆ ಭಾಷೆ ನನಗೆ ಬಂತು. ಅವಳು ಎಷ್ಟು ತಮಾಷೆಯ ಹುಡುಗಿ ಅಂತೀರಿ. ಓಣಿಯ ಒಬ್ಬೊಬ್ಬರ ನಡಿಗೆಯನ್ನೂ ಎರಡು ಬೆರಳಲ್ಲಿ ಮಾಡಿ ತೋರಿಸಿ ಗೆಳತಿಯರನ್ನು ನಗಿಸುತ್ತಿದ್ದಳು.

ಆ ತಮಾಷೆ ಅವಳ ಅಪ್ಪನಿಗೆ ಗೊತ್ತೇ ಇರಲಿಲ್ಲ. ನನಗೆ ಬೇಜಾರಾಗುತ್ತಿದ್ದದ್ದು ಅದಕ್ಕೇ. ವಿನುತಾ ಕೂಸಾಗಿದ್ದಾಗ ಯಾರೋ ದೊಡ್ಡವರು ಹೇಳಿದ್ದರಂತೆ, ಕೈಸನ್ನೆ ಕಲಿಸಿದರೆ ಬಾಯಿಮಾತು ಬರೋದೇ ಇಲ್ಲ ಅಂತ. ಇವರು ಅದನ್ನು ನಂಬಿದರು. ಕಿವಿಗೆ ಯಂತ್ರ ತಂದರು, ಅದು ಕೀ ಅಂತ ಕಿರುಚಿತು. ಇನ್ನೊಂದು ತಂದರು, ಅದೂ ಆಗಲಿಲ್ಲ. ರುದ್ರಪ್ಪನವರಿಗೆ ಯಂತ್ರಗಳ ಹುಚ್ಚು ಹಿಡಿದದ್ದು ಅಲ್ಲಿಂದಲೇ. ವಿನುತಾ ದೂರದ ವಸತಿ ಶಾಲೆಗೆ ಹೋಗಿ ಗೆಳತಿಯರಿಂದ ತನ್ನ ಭಾಷೆ ಕಲಿತು ಬಂದಳು. ಮನೆಯಲ್ಲಿ ಮಾತ್ರ ಊಟ, ಸ್ನಾನ, ಬಾ, ಹೋಗು, ಮಲಗು ಇಷ್ಟೇ ಸನ್ನೆ. ಹಾಲಮ್ಮ ಮುಖ ನೋಡಿ ಒಂದಿಷ್ಟು ಅರ್ಥ ಮಾಡಿಕೊಳ್ಳುತ್ತಿದ್ದರು. ರುದ್ರಪ್ಪನವರು ಮಗಳಿಗೆ ಒಳ್ಳೆ ತಂತಿ, ಒಳ್ಳೆ ರೂಟರ್, ಒಳ್ಳೆ ಕ್ಯಾಮೆರಾ ತಂದು ಕೊಟ್ಟು, ಅವಳು ಪರದೆಯ ಜೊತೆ ನಗುವುದನ್ನು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿಬಿಡುತ್ತಿದ್ದರು.

ವಿನುತಾ ಅಂಗಡಿಯ ಸೀರೆಗಳಿಗೆ ಮನೆಯಲ್ಲೇ ಫಾಲ್ಸ್ ಹೊಲಿಯುತ್ತಿದ್ದಳು. "ಕೆಲಸ ಬೇಜಾರಿಲ್ಲ. ಆದರೆ ಇಡೀ ದಿನ ಕೈಗೆ ಸೂಜಿ ಕೊಟ್ಟುಬಿಟ್ಟರೆ ಮಾತಾಡೋದು ಯಾವಾಗ?" ಅಂತ ಗೆಳತಿಗೆ ಹೇಳಿದ್ದಳು. ಆಗ ಆ ಗೆಳತಿ ಒಂದು ಕೆಲಸದ ಸುದ್ದಿ ಕೊಟ್ಟಳು. ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮಂದಿರಿಗೆ ಇಂಟರ್ನೆಟ್ ಮೂಲಕ ಸನ್ನೆ ಭಾಷೆ ಕಲಿಸುವ ಸಂಸ್ಥೆಯೊಂದಕ್ಕೆ ಶಿಕ್ಷಕಿ ಬೇಕಾಗಿದ್ದಳು. ವೀಡಿಯೊದಲ್ಲೇ ಸಂದರ್ಶನ, ಪಾಠ ಮಾಡಿ ತೋರಿಸಬೇಕು. ವಿನುತಾ ಆ ಸುದ್ದಿಯನ್ನು ಚೀಟಿಯಲ್ಲಿ ಬರೆದು ಅಪ್ಪನ ಕೈಗಿಟ್ಟಳು. ಅವಳ ಮುಖದಲ್ಲಿ ಅಂಥ ಆಸೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸರಿ, ರುದ್ರಪ್ಪನವರು ಸೊಂಟ ಕಟ್ಟಿ ನಿಂತರು. ತಂತಿ ಬದಲಾಯಿಸಿದರು, ನೆಟ್‌ನವರಿಗೆ ಫೋನ್ ಮಾಡಿ ಜಗಳ ಆಡಿದರು, ಲೈಟು ತಂದು ಮಗಳ ಮುಖಕ್ಕೆ ಬಿಟ್ಟರು. ಕೊನೆಗೆ ಕಣ್ಣು ಬಿದ್ದದ್ದು ಹಿಂದಿನ ಗೋಡೆಯ ಮೇಲೆ. ಗಾರೆ ಉದುರಿದ ಗೋಡೆ, ಬೀರು, ಹಗ್ಗದ ಮೇಲೆ ಟವೆಲ್ಲು.

"ಛೇ ಛೇ. ಎಂಥ ಮಾಲಿದ್ರೂ ಷೋಕೇಸಿನ ಹಿಂದಿನ ಪರದೆ ಚೆನ್ನಾಗಿರಬೇಕು," ಅಂದರು. ಅಂಗಡಿಯವರ ಬುದ್ಧಿ. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮಗಳ ಹಿಂದೆ ಪುಸ್ತಕದ ಕಪಾಟಿನ ಚಿತ್ರ ಬರುವ ಹಾಗೆ ಮಾಡಿದರು. ತನ್ನ ಮುಖ ತಾನೇ ನೋಡುತ್ತಾ ಕೂತರೆ ಗಾಬರಿಯಾಗುತ್ತಾಳೆ ಅಂತ, ಅವಳ ಚಿತ್ರ ಅವಳಿಗೇ ಕಾಣದ ಹಾಗೂ ಮಾಡಿದರು. ಹಾಲಮ್ಮನಿಗೆ ತೋರಿಸಿ, "ನೋಡು, ಪ್ರೊಫೆಸರ್ ಮನೆ ಹಾಗಿಲ್ವಾ?" ಅಂದರು.

ಸಂದರ್ಶನ ಶುರುವಾಯಿತು. ಕನ್ನಡಿಯಲ್ಲಿ ನಾನು ಕಂಡೆ, ಆ ಕಡೆ ಮೂವರು ಕೂತಿದ್ದರು. ನಡುವೆ ಇದ್ದವರು ಫರ್ಜಾನಾ ಮೇಡಂ, ಅವರಿಗೂ ಕಿವಿ ಕೇಳುವುದಿಲ್ಲ. ವಿನುತಾ ಪಾಠ ಎತ್ತಿಕೊಂಡಳು. ಎಂಥ ಪಾಠ ಅದು, ಮಗುವಿಗೆ ತುತ್ತು ಕೊಡುವ ಹಾಗೆ ಒಂದೊಂದೇ ಮಾತು. ಆದರೆ ಆ ಮೂವರೂ ಕಣ್ಣು ಕಿರಿದು ಮಾಡಿಕೊಂಡು ಪರದೆಗೆ ಹತ್ತಿರ ಬಂದರು. ಕೈ ಬೀಸಿದರು. ವಿನುತಾ ಮತ್ತೆ ಮೊದಲಿಂದ ಹೇಳಿದಳು, ಇನ್ನೂ ದೊಡ್ಡದಾಗಿ, ಇನ್ನೂ ಕೈ ಅಗಲಿಸಿ. ಕೊನೆಗೆ ಫರ್ಜಾನಾ ಮೇಡಂ ಅಕ್ಷರದಲ್ಲಿ ಬರೆದು ಕಳಿಸಿದರು: ನಿಮ್ಮ ಕೈಗಳೇ ಕಾಣಿಸುತ್ತಿಲ್ಲ.

ವಿನುತಾ ಗಡಬಡಿಸಿ ತನ್ನ ಚಿತ್ರವನ್ನು ಪರದೆಗೆ ತಂದು ನೋಡಿದಳು. ಮುಖ ಇತ್ತು, ಹೆಗಲು ಇತ್ತು. ಕೈ ಎತ್ತಿದರೆ ಬೆರಳು ಪುಸ್ತಕಗಳೊಳಗೆ ಮಾಯವಾಗುತ್ತಿದ್ದವು. ನಾನು ಕಳಿಸಿದ ಚಿತ್ರದಲ್ಲಿ ಕೈ ನೆಟ್ಟಗೇ ಇತ್ತು ಸ್ವಾಮಿ. ಆ ಸುಳ್ಳು ಕಪಾಟು ಹಚ್ಚುವ ಪ್ರೋಗ್ರಾಮು ಮುಖವನ್ನು ಮಾತ್ರ ಮನುಷ್ಯ ಅಂದುಕೊಂಡು, ಮೇಲೆದ್ದ ಕೈಗಳನ್ನು ಗೋಡೆ ಅಂತ ಒರೆಸಿ ಹಾಕುತ್ತಿತ್ತು. ಅವಳು ಅದನ್ನು ತೆಗೆಯುವಷ್ಟರಲ್ಲಿ ಸಮಯ ಮುಗಿದಿತ್ತು.

ಆಮೇಲೆ ಅವಳು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು. ಎರಡು ಕೈಯಲ್ಲೂ ಹೇಳಿದಳು, ಎಲ್ಲವನ್ನೂ. ನಾನು ಯಾರ ಹತ್ತಿರ ಏನು ಮಾತಾಡ್ತೀನಿ ಅಂತ ನಿನಗೆ ಗೊತ್ತಾ? ನನ್ನ ಮಾತು ಇರೋದು ಎಲ್ಲಿ ಅಂತ ಗೊತ್ತಾ? ಊರಿಗೆಲ್ಲ ಮಾತಾಡ್ತೀಯ, ನನ್ನ ಹತ್ತಿರ ಒಂದು ದಿನ ಕೂತಿದ್ದೀಯಾ? ರುದ್ರಪ್ಪನವರು ಹಾಲಮ್ಮನ ಮುಖ ನೋಡಿದರು. "ಏನಂತಾಳೆ?" ಅಂದರು. ಹಾಲಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಸಿಟ್ಟು ಬಂದೈತೆ ಅವಳಿಗೆ. ಅಷ್ಟೇ ಗೊತ್ತಾಗ್ತೈತೆ ನಂಗೂ," ಅಂದರು. ಆ ಮನೆಯಲ್ಲಿ ಅವಳು ಆಡಿದ್ದು ಪೂರ್ತಿ ತಿಳಿದದ್ದು ನನಗೊಬ್ಬನಿಗೆ, ನನಗೋ ಬಾಯಿಲ್ಲ. ಅವತ್ತು ಬಾಯಿ ಬೇಕಿತ್ತು ಅನ್ನಿಸಿತು.

ಫರ್ಜಾನಾ ಮೇಡಂ ಒಳ್ಳೆಯವರು. ಮುಂದಿನ ವಾರ ಇನ್ನೊಂದು ಅವಕಾಶ ಕೊಟ್ಟರು. ಈ ಸಲ ಬರೀ ಪಾಠ ಸಾಲದು, ಸನ್ನೆ ಭಾಷೆ ಬರದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿ ತೋರಿಸಬೇಕು ಅಂದರು. ನಮ್ಮ ಕೆಲಸವೇ ಅದಲ್ಲವೇ ಅಂದರು.

ಪಕ್ಕದ ಮನೆಯವರನ್ನು ಕರೆಯಲೇ ಅಂತ ಹಾಲಮ್ಮ ಕೇಳಿದರು. ರುದ್ರಪ್ಪನವರು ಬೇಡ ಅಂದರು. "ಏನೂ ಬರದವನು ಈ ಮನೆಯಲ್ಲೇ ಇದ್ದೀನಲ್ಲ," ಅಂದರು. ಎರಡನೇ ಸಂದರ್ಶನದ ದಿನ ಅಂಗಡಿಗೆ ರಜೆ ಹಾಕಿ, ಬಾರ್ಡರ್ ಇಲ್ಲದ ಕಡುನೀಲಿ ಬಟ್ಟೆ ತಂದು ಬೀರಿನ ಮೇಲೆ ಇಳಿಬಿಟ್ಟರು. ಗೋಡೆ ಮುಚ್ಚಿತು, ಅದರ ಮುಂದೆ ಕೈಗಳು ಎದ್ದು ಕಂಡವು. ನನ್ನ ಕನ್ನಡಿ ಹೋಯಿತು, ಹೋಗಲಿ ಬಿಡಿ.

ವಿನುತಾ ಅಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಕಲಿಸಲು ಹೊರಟಿದ್ದು ಅಪ್ಪ ಅನ್ನೋ ಮಾತು. ಅಪ್ಪ ಅಂದರೆ ಮೀಸೆ ಮುಟ್ಟಿಕೊಳ್ಳುವ ಸನ್ನೆ. ರುದ್ರಪ್ಪನವರಿಗೆ ಮೀಸೆ ಇಲ್ಲ. ಅವರು ಬೋಳು ತುಟಿ ಸವರಿಕೊಂಡು ಪೆಚ್ಚು ಮೋರೆ ಹಾಕಿದ್ದಕ್ಕೆ ಅವಳಿಗೆ ನಗು ಬಂತು, ಅಳುಕು ಹೋಯಿತು. ಮಗಳು, ಹೆಸರು, ಅಂಗಡಿ, ಸೀರೆ, ಸಂತೋಷ, ಸಿಟ್ಟು. ಅವರು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಅವಳು ತಲೆ ಅಲ್ಲಾಡಿಸಿ ಅವರ ಕೈ ಹಿಡಿದು ಮೇಲೆತ್ತುತ್ತಿದ್ದಳು. ಪ್ರಶ್ನೆ ಕೇಳುವಾಗ ಹುಬ್ಬು ಏರಿಸಬೇಕು ಅಂತ ತನ್ನ ಹುಬ್ಬು ತೋರಿಸಿದಳು. ಜೀವಮಾನವೆಲ್ಲ ಸೀರೆ ಮಡಿಸಿದ ಕೈ ಅದು, ಬೇಗ ಬಗ್ಗಿತು.

ಪಾಠ ಮುಗಿಯಿತು ಅಂತ ಅವಳು ಪರದೆಯ ಕಡೆ ತಿರುಗಿದಳು. ರುದ್ರಪ್ಪನವರು ಅವಳ ತೋಳು ತಟ್ಟಿದರು. ಅವಳು ಹೇಳಿಕೊಟ್ಟಿರದ ಹಾಗೆ, ತಾವೇ ಜೋಡಿಸಿಕೊಂಡು, ನಿಧಾನಕ್ಕೆ ಕೈ ಎತ್ತಿದರು. ಮಗಳು. ಅಪ್ಪ. ಸಿಟ್ಟು. ಹುಬ್ಬು ಏರಿಸಿ ಹಾಗೇ ಕಾದರು.

ವಿನುತಾ ಪರದೆ ಬಿಟ್ಟು ಅವರ ಕಡೆ ತಿರುಗಿದಳು. ಕಣ್ಣು ತುಂಬಿ ಬಂತು. "ಇತ್ತು. ಈಗಿಲ್ಲ," ಅಂದಳು. ಅದನ್ನು ಅವರು ತಾವೇ ಅರ್ಥ ಮಾಡಿಕೊಂಡರು, ಯಾರನ್ನೂ ಕೇಳಲಿಲ್ಲ.

ಆಮೇಲೆ ಪರದೆ ನೋಡಿ ಗಾಬರಿಯಾದರು. "ಹಾಲಮ್ಮ, ಇವರೆಲ್ಲ ಮತ್ತೆ ಕೈ ಮೇಲೆತ್ತಿ ಅಲ್ಲಾಡಿಸ್ತಾ ಇದಾರಲ್ಲ. ಮತ್ತೆ ಕೈ ಕಾಣಿಸ್ತಿಲ್ವಾ ಹೆಂಗೆ?" ಅಂತ ನನ್ನ ತಂತಿಗೆ ಕೈ ಹಾಕಿದರು. ವಿನುತಾ ಅವರ ಕೈ ತಡೆದು, ಎರಡೂ ಅಂಗೈ ತಟ್ಟಿ, ಆಮೇಲೆ ಅದೇ ಕೈಗಳನ್ನು ಎತ್ತಿ ಬೆರಳು ಅಲುಗಿಸಿ ತೋರಿಸಿದಳು. ಕಿವಿ ಕೇಳದವರ ಲೋಕದಲ್ಲಿ ಚಪ್ಪಾಳೆ ಅಂದರೆ ಹಾಗೆ. ಫರ್ಜಾನಾ ಮೇಡಂ ಮತ್ತು ಜೊತೆಯವರು ಚಪ್ಪಾಳೆ ಹೊಡೆಯುತ್ತಿದ್ದರು.

ಕೆಲಸ ಸಿಕ್ಕಿತು. ಕೆಲಸದ ಜೊತೆ ಸಂಸ್ಥೆಯವರು ಒಂದು ಲ್ಯಾಪ್‌ಟಾಪೂ ಕಳಿಸಿದರು, ಅದಕ್ಕೆ ಹಣೆಯಲ್ಲೇ ಕಣ್ಣು. ನನ್ನನ್ನು ಬಿಚ್ಚಿ, ಬಾಲ ಸುತ್ತಿ, ಬೀರಿನ ಪಕ್ಕದ ಮೊಳೆಗೆ ನೇತು ಹಾಕಿದರು. ಗಾಜು ಒಂದಿಷ್ಟು ಮಂಜಾಗಿದೆ, ಕ್ಲಿಪ್ಪಿನ ಹಲ್ಲು ಸಡಿಲವಾಗಿದೆ. ಬೇಸರವಿಲ್ಲ. ನನ್ನನ್ನು ಮಾಡಿದವರು ದೂರದವರನ್ನು ಹತ್ತಿರ ತರಲು ಮಾಡಿದ್ದು. ಒಂದೇ ಮನೆಯಲ್ಲಿ ದೂರ ಇದ್ದವರು ಹತ್ತಿರ ಬಂದದ್ದನ್ನೂ ನೋಡಿದೆ. ನನ್ನ ಜಾತಿಯ ಎಷ್ಟು ಜನಕ್ಕೆ ಆ ಭಾಗ್ಯ ಸಿಕ್ಕಿದೆ ಹೇಳಿ. ಇಲ್ಲಿಂದ ಊಟದ ಕೋಣೆ ಚೆನ್ನಾಗಿ ಕಾಣುತ್ತದೆ.

ರುದ್ರಪ್ಪನವರು ಈಗ ಮಗಳ ಸಂಜೆಯ ತರಗತಿಯಲ್ಲಿ ವಿದ್ಯಾರ್ಥಿ. ತರಗತಿ ಮುಗಿದ ಮೇಲೂ ಬಿಡುವುದಿಲ್ಲ. ಊಟಕ್ಕೆ ಕೂತರೆ ತಟ್ಟೆ ಪಕ್ಕಕ್ಕೆ ತಳ್ಳಿ ಎರಡೂ ಕೈಯಲ್ಲಿ ಶುರು. ಹೊಸ ಫೋನ್ ಯಾಕೆ ದಂಡ, ಬ್ಯಾಟರಿ ಯಾಕೆ ಹಾಳಾಗುತ್ತೆ, ಅಪ್‌ಲೋಡ್ ಯಾಕೆ ಮುಖ್ಯ. ಗೊತ್ತಿಲ್ಲದ ಮಾತಿಗೆ ಅವಳನ್ನೇ ಸನ್ನೆ ಕೇಳಿಕೊಂಡು ಮುಂದುವರಿಸುತ್ತಾರೆ. ವಿನುತಾ ಮೊದಲು ಕೆಲವು ದಿನ ಕಣ್ಣರಳಿಸಿ ನೋಡಿದಳು. ಆಮೇಲೆ ಅಲ್ಲ, ತಪ್ಪು, ವೈ-ಫೈ ಈಗ ಮೊದಲಿನ ಹಾಗಿಲ್ಲ ಅಂತ ವಾದಕ್ಕೆ ಇಳಿದಳು. ಮೊನ್ನೆ ಅವಳ ಸಾರು ಆರಿ ತಣ್ಣಗಾಗಿತ್ತು. ಅವರು ರೂಟರನ್ನು ಎಲ್ಲಿ ಇಡಬೇಕು ಅನ್ನುವಲ್ಲಿದ್ದರು. ಅವಳು ಕೈ ತೊಳೆದುಕೊಂಡು ಬಂದು, ಅವರೆದುರು ನಿಂತು, ಕೈಯಲ್ಲಿ ಚುಟುಕಾಗಿ ಒಂದು ಮಾತು ಹೇಳಿ ಹೊರಟು ಹೋದಳು.

ರುದ್ರಪ್ಪನವರು ರೂಟರಿನ ಮಾತು ಅಲ್ಲಿಗೇ ಬಿಟ್ಟು ಎದ್ದರು. ನೆಟ್ಟಗೆ ಅಡಿಗೆಮನೆಗೆ ಹೋದರು.

"ಹಾಲಮ್ಮ, ಕೇಳಿಲ್ಲಿ. ನನ್ನ ಮಗಳು ನಂಗೆ ಬಾಯಿಬಡುಕ ಅಂದ್ಲು."

"ಊರೆಲ್ಲ ಅನ್ನುತ್ತೆ, ಅದರಲ್ಲೇನೈತೆ?"

"ಊರು ದಿನಾ ಅನ್ನುತ್ತೆ. ಇವಳು ಅಂದಿದ್ದು, ನಂಗೆ ತಿಳಿದಿದ್ದು ಇವತ್ತೇ ಮೊದಲು ಕಣೇ," ಅಂತ ಕಣ್ಣು ಒರೆಸಿಕೊಂಡರು. ಮರುದಿನ ಬೆಳಗ್ಗೆ ಚಪ್ಪಲಿ ಮೆಟ್ಟುವ ಮೊದಲೇ ಅಂಗಡಿಗೆ ಫೋನ್ ಮಾಡಿ ಅದನ್ನು ಅಲ್ಲಿಯವರಿಗೂ ಹೇಳಿದರು.