ಚೆನ್ನರಾಯಪ್ಪನ ತಗ್ಗಿದ ದನಿ

"ಅಳೇ," ಎಂದು ಬಯ್ಯಪ್ಪ ತಮ್ಮನ ಹೆಂಡತಿಯ ಕೆನ್ನೆಗೆ ಇನ್ನೊಂದು ಬಿಟ್ಟ. "ಗಂಡ ಸತ್ತವ್ನೆ, ಊರೆಲ್ಲ ನೋಡ್ತಾ ಐತೆ. ಒಂದು ತೊಟ್ಟು ಕಣ್ಣೀರಿಲ್ವಲ್ಲೇ ನಿಂಗೆ. ಏಡುವೇ, ಅಳೇ!"

ಆಂಜಿನಮ್ಮನ ತಲೆ ಗೋಡೆಗೆ ಬಡಿದ ಸದ್ದು ಕೇಳಿಸಿತು. ಅವಳ ಬಾಯಿಂದ ಮಾತ್ರ ಏನೂ ಬರಲಿಲ್ಲ.

"ಬಿಡೋ ಬಯ್ಯಾ," ಎಂದಳು ಸೋದರತ್ತೆ ಗಂಗುಲಮ್ಮ. "ದಿಗಿಲು ಬಡ್ದೈತೆ ಅದಕ್ಕೆ."

"ದಿಗಿಲಲ್ಲ ಅತ್ತೆ, ಕೊಬ್ಬು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಲಾವಣ್ಯ ಅಮ್ಮನ ಕೈ ಹಿಡಿದು ಹಜಾರದ ಮೂಲೆಯಲ್ಲಿ ಕೂರಿಸಿದಳು. ಹೊರಗೆ ಶಾಮಿಯಾನದ ಕೆಳಗೆ ಅಪ್ಪ ಚೆನ್ನರಾಯಪ್ಪ ಮಲಗಿದ್ದ. ಅಂಬಾಜಿದುರ್ಗ ಬೆಟ್ಟದ ಬಂಡೆಗೆ ಬಡಿದು ಒಡೆದಿದ್ದ ತಲೆಯನ್ನು ಆಸ್ಪತ್ರೆಯವರು ಹೊಲಿದು ಕಳಿಸಿದ್ದರು. ಸುತ್ತಿದ್ದ ಬಿಳಿ ಬಟ್ಟೆಯೊಳಗಿಂದ ಒಸರಿದ ರಕ್ತ ಕಂದು ಬಣ್ಣಕ್ಕೆ ತಿರುಗಿ ಕಿವಿಯ ತನಕ ಇಳಿದಿತ್ತು.

"ರಿಪೇರಿಗೆ ಕೊಟ್ಟಿದ್ದ ನಮ್ಮನೆ ಟೀವಿ ಅವ್ನ ಅಂಗಡೀಲೇ ಉಳ್ಕೊಂತು ನೋಡು," ಎಂದು ಯಾರೋ ಪಿಸುಗುಟ್ಟಿದರು. "ಬೀಗ ಯಾರ ಹತ್ರ ಐತೆ?"

"ಹೆಣ ಎತ್ತೋಗಂಟ ಸುಮ್ಕಿರಯ್ಯ."

ಅಷ್ಟರಲ್ಲಿ ಚಿಕ್ಕಬಳ್ಳಾಪುರದಿಂದ ಒಂದು ಕಾರು ಬಂತು. ಇಳಿದವರು ನರಸಿಂಹಮೂರ್ತಿ, ನಿವೃತ್ತ ಫಿಸಿಕ್ಸ್ ಮೇಷ್ಟರು, ಅಪ್ಪನ ಹಾಗೆಯೇ ಮನೆಯ ರೇಡಿಯೋ ಸೆಟ್ಟಿನಿಂದ ಊರೂರಿನ ಗೆಳೆಯರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚಿನವರು. ಹೆಣದ ಕಾಲು ಮುಟ್ಟಿ ಅವರು ಬಿಕ್ಕಿದರು. ಆ ದಿನ ಆ ಅಂಗಳದಲ್ಲಿ ಅತ್ತ ಮೊದಲ ಮನುಷ್ಯ ಅವರೇ.

"ನಮಗೋಸ್ಕರ ಸತ್ತ ಕಣ್ರೀ," ಎಂದರು ಬಯ್ಯಪ್ಪನಿಗೆ. "ಒಂದು ದಿನವೂ ಗಟ್ಟಿಯಾಗಿ ಮಾತಾಡಿದವನಲ್ಲ. ಅಂಥ ಮನುಷ್ಯ ಇನ್ನೆಲ್ಲಿ ಸಿಗ್ತಾನೆ?"

ಬಯ್ಯಪ್ಪ ಹೊಡೆದ ಅದೇ ಕೈಗಳನ್ನು ಜೋಡಿಸಿ ತಲೆಯಾಡಿಸಿದ.

*

ಅಂಬಾಜಿದುರ್ಗದ ಮೇಲಿನ ರಿಪೀಟರ್ ಚಿಂತಾಮಣಿಯ ಮಾತನ್ನು ಹಿಡಿದು ಕಳವಾರದ ಬೆಟ್ಟದ ಮೇಲಿನ ಇನ್ನೊಂದು ರಿಪೀಟರಿಗೆ ದಾಟಿಸುತ್ತಿತ್ತು. ಅಲ್ಲಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು. ಚಿಂತಾಮಣಿಯ ಕಡೆಯಿಂದ ದಿನಾ ಮಾತಾಡುತ್ತಿದ್ದವನು ಚೆನ್ನರಾಯಪ್ಪನೊಬ್ಬನೇ.

ವರ್ಷಗಳ ಹಿಂದೆ, 2004ರ ಒಂದು ಭಾನುವಾರ ಸಂಜೆ ಅವನು ಮೈಕಿನ ಗುಂಡಿ ಒತ್ತಿಕೊಂಡು ಗೌರಿಬಿದನೂರಿನ ಕೋನಪ್ಪನಿಗೆ ಆಂಟೆನಾ ವಿಚಾರ ಹೇಳುತ್ತಿದ್ದ. ಅಕ್ಕಿ ಮುಗಿದಿದೆ ಎಂದು ಹೇಳಲು ಆಂಜಿನಮ್ಮ ಕೋಣೆಗೆ ಬಂದಳು. ಅವನು ಕೂತಲ್ಲಿಂದಲೇ ಅವಳ ಹೊಟ್ಟೆಗೆ ಒದ್ದ. ಎಡಗೈಯ ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

ಅವಳ ಚೀರಾಟ ಎರಡು ಬೆಟ್ಟ ಹತ್ತಿಳಿದು ಗೌರಿಬಿದನೂರು ಮುಟ್ಟಿತು.

"ಓಎಂ, ಅದೇನು ಶಬ್ದ?" ಎಂದಿತ್ತು ಕೋನಪ್ಪನ ದನಿ. ಓಎಂ ಎಂದರೆ ಓಲ್ಡ್ ಮ್ಯಾನ್, ಹ್ಯಾಮ್ ಗೆಳೆಯರು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ.

ಚೆನ್ನರಾಯಪ್ಪ ನಕ್ಕಿದ್ದ. "ಬೆಕ್ಕು ಓಎಂ. ಬಾಲ ತುಳಿದ್ಬಿಟ್ಟೆ."

ಮಾರನೇ ದಿನ ಅವನು ಮೈಕಿಗೂ ರೇಡಿಯೋಗೂ ನಡುವೆ ಒಂದು ಚಿಕ್ಕ ಡಬ್ಬಿ ಕೂರಿಸಿದ. ದನಿ ಏರಿಸಿ ಇಳಿಸುವ ಅದರ ತಿರುಪನ್ನು ತೀರ ತಗ್ಗಿಸಿ ಮೇಲೆ ಎಂ-ಸೀಲ್ ಅಂಟು ಮೆತ್ತಿದ. ತುಟಿಗೆ ಒತ್ತಿ ಹಿಡಿದರೆ ಅವನ ದನಿ ಸಣ್ಣಗೆ ಹೋಗುತ್ತಿತ್ತು. ಕೋಣೆಯ ಬೇರೆ ಯಾವ ಸದ್ದೂ ಹೋಗುತ್ತಿರಲಿಲ್ಲ.

"ಈಗ ಕೂಗ್ಕೋ," ಎಂದ ಹೆಂಡತಿಗೆ. "ಎಷ್ಟ್ ಬೇಕೋ ಅಷ್ಟ್ ಕೂಗ್ಕೋ. ಯಾರಿಗೂ ಕೇಳ್ಸಲ್ಲ."

ಅಂದು ರೇಡಿಯೋದ ಬ್ಯಾಟರಿ ಕೇಬಲ್ಲಿನಿಂದ ಹೊಡೆದ. ಬಾಗಿಲ ಹಿಂದೆ ಪುಟ್ಟ ಲಾವಣ್ಯ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಕೈ ತೆಗೆದಾಗ ಕೇಬಲ್ಲಿನ ಸದ್ದು ಮಾತ್ರ ಕೇಳಿಸಿತು. ಅಮ್ಮ ಆವತ್ತಿನಿಂದ ಕೂಗುವುದನ್ನೇ ಬಿಟ್ಟಳು.

ಆ ಕಡೆ ಗೆಳೆಯರೆಲ್ಲ ಚಿಂತಾಮಣಿಯ ಆಡಿಯೋ ತಗ್ಗಿದೆ ಎಂದು ತಲೆ ಕೆಡಿಸಿಕೊಂಡರು. ಬೆಟ್ಟದ ಮೇಲೆ ಹೋಗಿ ಪರೀಕ್ಷೆ ಮಾಡಿದರೆ ಎಲ್ಲ ಸರಿ ಇರುತ್ತಿತ್ತು. ಚೆನ್ನರಾಯಪ್ಪ ಮನೆಯಿಂದ ಮಾತಾಡಿದರೆ ಮತ್ತೆ ಪಿಸುಮಾತು. "ನನ್ನ ಸೆಟ್ಟು ಚೊಕ್ಕವಾಗೈತೆ. ಬೆಟ್ಟದ ಮೇಲಿನ ಲಿಂಕಿನ ದೋಷಾನೇ ಬಂದು ಹೋಗ್ತೈತೆ," ಎಂದ ಅವನು. ರಿಪೇರಿ ಬಲ್ಲವನ ಮಾತು, ನಂಬಿದರು. ಕೇಬಲ್ ಬದಲಾಯಿಸಿದರು, ಬೋರ್ಡು ಬದಲಾಯಿಸಿದರು. ನಂಬಿಸುವುದಕ್ಕೆ ಅವನೂ ಪ್ರತಿಸಲ ಬೆಟ್ಟ ಹತ್ತುತ್ತಿದ್ದ. ನಿನ್ನೆಯೂ ಅಲ್ಲಿನ ಆಂಟೆನಾ ಕಂಬ ಹತ್ತಿದ್ದ, ಇಲ್ಲದ ದೋಷವನ್ನು ಹುಡುಕಲು. ಕಾಲು ಜಾರಿತು. ಕೆಳಗೆ ಬಂಡೆ.

*

"ನಮ್ಮಲ್ಲಿ ಒಂದು ಪದ್ಧತಿ ಇದೆ," ಎಂದರು ಮೂರ್ತಿ. "ಸತ್ತವನ ಕಾಲ್ ಸೈನನ್ನು, ಅಂದ್ರೆ ಅವನ ರೇಡಿಯೋ ಹೆಸರನ್ನು, ಮೂರು ಸಲ ಕರೀತೀವಿ. ಉತ್ತರ ಬರಲ್ಲ ಅಂತ ಗೊತ್ತಾದ ಮೇಲೆ ಬೀಳ್ಕೊಡ್ತೀವಿ. ಅವನದೇ ಸೆಟ್ಟಿಂದ ಕರೆಯೋಣ ಅಂತ."

"ಕರೀರಿ ಸಾರ್," ಎಂದ ಬಯ್ಯಪ್ಪ, ಉಬ್ಬಿ. "ಲಾವಣ್ಯಾ, ಕೋಣೆ ತೋರ್ಸಮ್ಮಾ."

ಆ ಕೋಣೆಗೆ ಗೆಳೆಯರು ಯಾರೂ ಬಂದಿರಲಿಲ್ಲ. ಮೂರ್ತಿ ಕುರ್ಚಿಯ ಮೇಲೆ ಕೂರದೆ ನಿಂತೇ ಮೈಕ್ ಎತ್ತಿಕೊಂಡು ಒಂದು ಸಲ ಕರೆದರು.

"ಸಾರ್, ಸರಿಯಾಗಿ ಕೇಳ್ತಿಲ್ಲ," ಎಂದಿತು ಕೋನಪ್ಪನ ದನಿ. "ಆಡಿಯೋ ಅದೇ ಥರ ತಗ್ಗಿದೆ. ಪಾಪ, ಆ ದೋಷಾನೇ ಅವ್ನನ್ನ ತಿಂದ್ಕೊಂತು."

ಮೂರ್ತಿ ಮೈಕನ್ನು ನೋಡಿದರು. ಕೇಬಲ್ಲಿನ ಗುಂಟ ಕಣ್ಣು ಡಬ್ಬಿಗೆ ಬಂತು. ಕಲ್ಲಾಗಿದ್ದ ಎಂ-ಸೀಲಿನ ಮೇಲೆ ಹೆಬ್ಬೆಟ್ಟಿನ ಗುರುತು ಅಚ್ಚಾಗಿತ್ತು.

"ಇದ್ಯಾಕಮ್ಮ ಹೀಗೆ ಮುಚ್ಚಿದಾನೆ?"

"ನಮ್ಮಮ್ಮ ಕೂಗೋದು ನಿಮಗೆ ಕೇಳ್ಸಬಾರ್ದು ಅಂತ."

ಮೂರ್ತಿ ಹಿಂದೆ ತಿರುಗಿದರು. ಹಜಾರದಲ್ಲಿ ಕೂತಿದ್ದ ಆಂಜಿನಮ್ಮನ ಊದಿದ ಕೆನ್ನೆ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಮೊಣಕೈಯಿಂದ ಮೇಲಕ್ಕೆ ಹಳೆಯ ಬರೆಗಳು, ಕೇಬಲ್ಲಿನಷ್ಟೇ ದಪ್ಪ.

"ಈ ಮಾತು ಇವತ್ತು ಬೇಡ ಮಗು," ಎಂದರು ಮೂರ್ತಿ. "ಹೆಣ ಇನ್ನೂ ಅಂಗಳದಲ್ಲಿದೆ. ಹೇಗೋ ಸಣ್ಣ ದನಿಯಲ್ಲೇ ಮುಗಿಸಿಬಿಡ್ತೀನಿ."

"ಇಷ್ಟು ವರ್ಷ ಸಣ್ಣ ದನೀಲೇ ಅಲ್ವಾ ಸಾರ್ ನಡೆದಿದ್ದು?"

ಲಾವಣ್ಯ ಅಪ್ಪನ ಸ್ಕ್ರೂಡ್ರೈವರನ್ನು ಎಂ-ಸೀಲಿನ ಅಂಚಿಗಿಟ್ಟು ಸುತ್ತಿಗೆಯಿಂದ ಬಡಿದಳು. ಎರಡನೇ ಏಟು ಜಾರಿ ಅವಳ ಬೆರಳು ಸೀಳಿತು. ರಕ್ತವನ್ನು ಲಂಗಕ್ಕೆ ಒರೆಸಿ ಮತ್ತೆ ಬಡಿದಳು. ಹೆಬ್ಬೆಟ್ಟಿನ ಗುರುತಿನ ಸಮೇತ ಚಕ್ಕೆ ಹಾರಿತು. ತಿರುಪನ್ನು ಪೂರ್ತಿ ಏರಿಸಿದಳು.

ಮೂರ್ತಿ ಅವಳನ್ನು ತಡೆಯಲಿಲ್ಲ. ಗುಂಡಿ ಒತ್ತಿ ಎರಡನೇ ಸಲ ಕರೆದರು. ಅದೇ ಹೊತ್ತಿಗೆ ಹಜಾರಕ್ಕೆ ಬಯ್ಯಪ್ಪ ಬಂದ.

"ಹೆಣ ಎತ್ತೋ ಹೊತ್ತಾಯ್ತು. ಈಗಲಾದ್ರೂ ಅಳ್ತೀಯೋ ಇಲ್ವೋ ನೋಡ್ತೀನಿ."

ಅವನು ಆಂಜಿನಮ್ಮನ ಜಡೆಯನ್ನು ಕೈಗೆ ಸುತ್ತಿ ಎಳೆದ. ಅವಳ ಮೊಣಕಾಲು ನೆಲಕ್ಕೆ ಬಡಿಯಿತು. ಕೈಯ ಹಿಂಬದಿಯಿಂದ ಬಾಯಿಯ ಮೇಲೆ ಹೊಡೆದಾಗ ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು. ಗಂಗುಲಮ್ಮ ಅಡ್ಡ ಬಂದು ತಾನೂ ಕೆಳಗೆ ಬಿದ್ದಳು. "ಸಾಯಿಸ್ಬಿಡ್ತಿಯೇನೋ ಪಾಪಿ," ಎಂದು ಮುದುಕಿ ಕೂಗಿದಳು.

ಮೂರ್ತಿಯ ಹೆಬ್ಬೆರಳು ಗುಂಡಿಯ ಮೇಲೇ ಮರಗಟ್ಟಿತ್ತು. ತೆಗೆದದ್ದೇ ರೇಡಿಯೋ ಕರಕರ ಎಂದಿತು.

"ಸಾರ್," ಎಂದ ಕೋನಪ್ಪ. "ಈಗ ಚೆನ್ನಾಗಿ ಕೇಳ್ತಿದೆ. ಅದೇನು ಶಬ್ದ?"

ಲಾವಣ್ಯ ಮೂರ್ತಿಯ ಕೈಯಿಂದ ಮೈಕ್ ತೆಗೆದುಕೊಂಡಳು.

"ಬೆಕ್ಕಲ್ಲ," ಎಂದಳು. "ಆವತ್ತೂ ಬೆಕ್ಕಲ್ಲ. ನಮ್ಮಮ್ಮ."

ಗುಂಡಿ ಬಿಡದೆ ಹಜಾರದ ಕಡೆ ನಡೆದಳು. ಮೈಕಿನ ಸುರುಳಿ ವೈರು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತ ನೆಟ್ಟಗಾಯಿತು. ಮೇಜಿನ ಮೇಲೆ ರೇಡಿಯೋ ಜರುಗಿ ಅಂಚಿಗೆ ಬಂತು. ಬೀಳದ ಹಾಗೆ ಮೂರ್ತಿ ಅದನ್ನು ಎರಡೂ ಕೈಗಳಿಂದ ಅವಚಿ ಹಿಡಿದರು. ಬಯ್ಯಪ್ಪ ಎತ್ತಿದ ಕೈ ಎತ್ತಿದ ಹಾಗೇ ಅವಳ ಕೈಯಲ್ಲಿದ್ದ ಕರಿ ಮೈಕನ್ನು ನೋಡಿದ.

ಲಾವಣ್ಯ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಮೈಕನ್ನು ಒಡೆದ ತುಟಿಯ ಹತ್ತಿರ ಹಿಡಿದಳು. ಒಳಗೆ, ದನಿ ಹೊರಗೆ ಹೋಗುತ್ತಿದೆ ಎನ್ನುವ ರೇಡಿಯೋದ ಕೆಂಪು ದೀಪ ಉರಿಯುತ್ತಿತ್ತು. ಆಂಜಿನಮ್ಮ ಬಾಯಲ್ಲಿದ್ದ ರಕ್ತವನ್ನು ಪಕ್ಕಕ್ಕೆ ಉಗುಳಿ, ಎದೆ ತುಂಬ ಉಸಿರೆಳೆದುಕೊಂಡಳು.