ಸಂಜೆ ಐದರ ಹಾಡು

ನನ್ನ ತಂಗಿ ಸುಜುನೆಯ ಮೂರನೆಯ ಆಲ್ಬಮ್ ಬಂದು ಹದಿನೈದು ದಿನವಾಗಿತ್ತು. ಟೋಕಿಯೊದ ಪತ್ರಿಕೆಗಳು ನೆಟ್ಟಗೆ ಬೈಯಲೂ ಇಲ್ಲ, ಹೊಗಳಲೂ ಇಲ್ಲ. ಒಂದು ‘ಧೈರ್ಯದ ಕೆಲಸ’ ಎಂದಿತು. ಇನ್ನೊಂದು ‘ಇದು ಮುಗಿದ ಆಲ್ಬಮ್ಮೇ?’ ಎಂದು ಕೇಳಿತು. ನಾನು ಆರು ಸಲ ಕೇಳಿದೆ. ತಲೆಬುಡ ತಿಳಿಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಒಡಹುಟ್ಟಿದ ನನಗೆ, ಹಾಳಾದ್ದು, ಆ ಪುಣ್ಯವೂ ಇಲ್ಲ.

“ಯಾರೂ ಕೊನೇವರೆಗೂ ಕೇಳ್ತಾನೇ ಇಲ್ಲ ಅಕ್ಕ,” ಎಂದಳು ಫೋನಿನಲ್ಲಿ. “ಒಬ್ಬರಾದ್ರೂ ಪೂರ್ತಿ ಕೇಳಿದ್ರು ಅಂತ ಗೊತ್ತಾಗ್ದೇ ಹೋದ್ರೆ, ಈ ತಿಂಗಳ ಕೊನೇಗೆ ಹಾಡೋದೇ ಬಿಟ್ಬಿಡ್ತೀನಿ.”

“ನಾನು ಕೇಳಿದೀನಲ್ಲೇ!”

“ನೀನು ಅಕ್ಕ. ಲೆಕ್ಕಕ್ಕಿಲ್ಲ.”

ಲೆಕ್ಕಕ್ಕಿಲ್ಲದ ಈ ಅಕ್ಕ ಇಸೋಬೆ ಪುರಸಭೆಯಲ್ಲಿ ಗುಮಾಸ್ತೆ. ಸಂಜೆ ಐದಕ್ಕೆ ಊರಿನ ಧ್ವನಿವರ್ಧಕಗಳಲ್ಲೆಲ್ಲ ರಾಗ ಹಾಕುವ ಗುಂಡಿ ನನ್ನ ಮೇಜಿನ ಪಕ್ಕದಲ್ಲೇ ಇದೆ. ರಾಗ ಕೇಳಿದರೆ ಮಕ್ಕಳು ಆಟ ಬಿಟ್ಟು ಮನೆಗೆ, ಒಣಗಿದ ಬಟ್ಟೆ ಒಳಗೆ. ಸುನಾಮಿ ಎಚ್ಚರಿಕೆ ಕೂಗುವುದೂ ಅದೇ ಧ್ವನಿವರ್ಧಕಗಳಲ್ಲೇ. ಮೇಲಧಿಕಾರಿ ಉರಬೆಯವರನ್ನು ಕಾಡಿ ಬೇಡಿ, ಹಳೆಯ ರಾಗದ ಬದಲು ಆಲ್ಬಮ್ಮಿನ ಎಂಟನೆಯ ಹಾಡನ್ನು ಒಂದು ತಿಂಗಳು ಹಾಕಲು ಒಪ್ಪಿಸಿದೆ.

ಹೇಳಿದ್ದಕ್ಕೆ ಸುಜುನೆ ನಕ್ಕಳು. “ಐದಕ್ಕೆ ಎಲ್ಲರೂ ಮನೆಗೆ ಓಡ್ತಿರ್ತಾರೆ. ಯಾರು ನಿಂತು ಕೇಳ್ತಾರೆ?”

ಎರಡೇ ನಿಮಿಷದ ಹಾಡು. ಆದರೆ ನಡುವೆ ಏಳು ಸೆಕೆಂಡು ಏನೂ ಇಲ್ಲ, ಬರೀ ಮೌನ. ಆಮೇಲೆ ಮತ್ತೆ ಶುರು. ಮೊದಲ ದಿನ ಕಿಟಕಿಯಿಂದ ಎದುರಿನ ಮೈದಾನ ನೋಡಿದೆ. ಮೌನ ಬಂತು, ಮಕ್ಕಳು ಚೀಲ ಹೆಗಲಿಗೇರಿಸಿ ಹೊರಟರು. ಹಾಡು ಮತ್ತೆ ಎದ್ದಿತು, ಪಾಪ, ಅರ್ಧ ದಾರಿಯಲ್ಲಿ ಪೆಚ್ಚಾಗಿ ನಿಂತವು. ಅಷ್ಟರಲ್ಲಿ ಫೋನು.

“ಏನ್ರೀ ಇದು, ಮುಗೀತೋ ಇಲ್ವೋ? ಬಟ್ಟೆ ಎತ್ತಬೇಕೋ ಬೇಡ್ವೋ?” ಮೀನಂಗಡಿಯ ಕುರೊಸೆ ಅಮ್ಮ.

ಆಮೇಲೆ ಒಬ್ಬ ತಾತ: “ನಡುವೆ ನಿಂತೋಯ್ತಲ್ಲಮ್ಮ, ಸುನಾಮಿ ಗಿನಾಮಿ ಬರ್ತಿದೆಯಾ?”

ಹತ್ತು ದಿನ ಇದೇ ಗೋಳು. ಹನ್ನೊಂದನೆಯ ದಿನ ಉರಬೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ತೊಮೊಎ, ನನ್ನ ತಲೆ ಮೊಸರುಗಡಿಗೆ ಆಗೋಗಿದೆ ಕಣಮ್ಮ. ಆ ಮೌನ ಬರೋ ಕಡೇಲೇ ಹಾಡು ಕತ್ತರಿಸಿಬಿಡು. ಆಗಲ್ಲ ಅಂದ್ರೆ ನಾಳೆಯಿಂದ ಹಳೇ ರಾಗಾನೇ.”

ಅತ್ತ ದರಿ, ಇತ್ತ ಪುಲಿ. ಕತ್ತರಿಸಿದರೆ ಹಾಡಿನ ಕೊನೆ ಯಾರ ಕಿವಿಗೂ ಬೀಳುವುದಿಲ್ಲ. ಬಿಟ್ಟರೆ ಹಾಡೇ ಇರುವುದಿಲ್ಲ. ಅರ್ಧವಾದರೂ ಇರಲಿ ಎಂದು ಕತ್ತರಿಸಿದೆ. ತಂಗಿಗೆ ಹೇಳಲಿಲ್ಲ. ನಾಚಿಕೆಯಾಗಿತ್ತು.

ಆ ಸಂಜೆ ಹಾಡು ಮೌನದ ಹತ್ತಿರ ಬಂದು ನಿಂತಿತು. ಮೈದಾನದಲ್ಲಿ ಮಕ್ಕಳು ಚೀಲವನ್ನು ಮುಟ್ಟಲೂ ಇಲ್ಲ. ಕತ್ತೆತ್ತಿ ಧ್ವನಿವರ್ಧಕದ ಕಂಬ ನೋಡುತ್ತ ನಿಂತಿದ್ದವು. ಒಂದು ಹುಡುಗಿ ಬೆರಳು ಮಡಚಿ ಎಣಿಸುತ್ತಿದ್ದಳು. ಏಳಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಇವಕ್ಕೇನಾಯಿತಪ್ಪಾ ಎಂದು ನಾನು ಕಕ್ಕಾಬಿಕ್ಕಿಯಾದೆ. ಫೋನು ಬಡಿದುಕೊಂಡಿತು.

“ಬಾಕಿ ಹಾಡೆಲ್ರೀ?” ಕುರೊಸೆ ಅಮ್ಮ ಕೂಗಿದರು. “ಬಟ್ಟೆ ತಬ್ಕೊಂಡು ಅಂಗಳದಲ್ಲಿ ನಿಂತಿದೀನಿ!”

“ನಿಮಗೆ ಅದು ಇಷ್ಟ ಇರ್ಲಿಲ್ಲ ಅಲ್ವಾ ಅಮ್ಮಾ?”

“ಇಷ್ಟ ಅಂತ ಯಾರಂದ್ರು? ಪೂರ್ತಿ ಹಾಕ್ರೀ ಅಂದ್ರೆ!”

ಆಮೇಲೆ ಸುನಾಮಿ ತಾತ. ಆಮೇಲೆ ಶಾಲೆಯವರು. ಎಲ್ಲರದೂ ಒಂದೇ ಪ್ರಶ್ನೆ. ನಾನು ನನ್ನ ಮೊಬೈಲಿನಿಂದ ಸುಜುನೆಗೆ ಫೋನು ಮಾಡಿದೆ.

“ನಿನ್ನ ಹಾಡು ಕತ್ತರಿಸಿಬಿಟ್ಟೆ ಕಣೆ, ನಾನೇ. ಈಗ ಊರವರೆಲ್ಲ ಬಾಕಿದೆಲ್ಲಿ ಅಂತ ಜೀವ ತಿಂತಿದಾರೆ. ಮನೆಗೆ ಹೋಗದೆ ನಿಂತಿದಾರೆ.”

“ಬೈತಿದಾರಾ, ಹೊಗಳ್ತಿದಾರಾ?”

“ದೇವರಾಣೆಗೂ ಗೊತ್ತಾಗ್ತಿಲ್ಲ.”

ಅವಳ ಕಡೆಯಿಂದ ಮಾತಿಲ್ಲ. ಬೇರೆ ದಿನವಾಗಿದ್ದರೆ ಕೋಪ ಮಾಡಿಕೊಂಡಳೆಂದು ಫೋನು ಇಟ್ಟುಬಿಡುತ್ತಿದ್ದೆ. ಇವತ್ತು ಕಾದೆ. ಬಹಳ ಹೊತ್ತು ಕಾದೆ.

“ಬಾಕಿದು ಹಾಕಕ್ಕ,” ಎಂದಳು ಕೊನೆಗೆ, ಮೂಗು ಎಳೆದುಕೊಳ್ಳುತ್ತ. “ಪಾಪ, ಬಟ್ಟೆ ಹಿಡ್ಕೊಂಡು ನಿಂತಿದಾರಲ್ಲ.”

ಆ ಹಾಡು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಉರಬೆಯವರ ಕಡೆ ನೋಡದೆ ಗುಂಡಿ ಒತ್ತಿದೆ.