ಮೂರು ಸಲ ತೊಳೆದ ಬಾಟಲಿ

ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದಳು. ನೇರಳೆಯಾಗಿಯೇ ಉಳಿಯಬೇಕಿದ್ದ ದ್ರಾವಣ ಹಳದಿಯಾಗಿತ್ತು. ಒಳಗೆ ಬೋರಲು ಹಾಕಿದ್ದ ಪುಟ್ಟ ಕೊಳವೆಯ ನೆತ್ತಿಯಲ್ಲಿ ಗಾಳಿಗುಳ್ಳೆ. ಪಕ್ಕದ್ದರಲ್ಲೂ ಗುಳ್ಳೆ. ಅದರ ಪಕ್ಕದ್ದರಲ್ಲೂ. ನೀರು ಪರೀಕ್ಷಿಸುವ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಳ್ಳೆ ಕಂಡರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ಸೊಂಟ ನೋಯುತ್ತದೆ, ಅಷ್ಟೆ.

"ಹಳದಿಯಾ?"

ಬಾಗಿಲಲ್ಲಿ ಭಾವ. ಅಕ್ಕನ ಗಂಡ. ಈ ನೀರು ಬಂದ ಟ್ಯಾಂಕಿಗೆ ಅವನೇ ಕಾವಲು, ಕ್ಲೋರಿನ್ ಸುರಿಯುವವನೂ ಅವನೇ. ಇನ್ನೊಂದು ಸಲ ನೀರು ಕೆಟ್ಟರೆ ಮನೆಗೆ ಹೋಗು ಎಂದು ಮೇಲಿನವರು ಅವನಿಗೆ ಹೇಳಿಯಾಗಿತ್ತು.

"ಹಳದಿ. ಕೋಲಿಫಾರ್ಮ್ ಕ್ರಿಮಿ ಇದೆ ಭಾವ. ಎಲ್ಲೋ ಚರಂಡಿ ಸೇರ್ತಿದೆ."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

"ಈ ನೀರು ಹೋಗೋ ಬೀದೀಲಿ ನಿಜವಾಗ್ಲೂ ಕಾಮಾಲೆ ಬರುತ್ತೆ."

ಅವನು ಚೀಲದಿಂದ ಒದ್ದೆ ಟವೆಲ್ಲು ಸುತ್ತಿದ ಬಾಟಲಿ ತೆಗೆದ. ಲ್ಯಾಬಿನದೇ ಬಾಟಲಿ. "ಅದನ್ನ ಚೆಲ್ಲು, ಇದನ್ನ ಹಾಕ್ಕೋ. ಅದೇ ನಲ್ಲಿ, ಈಗ ತಾನೇ ಹಿಡಿದದ್ದು. ಮೋಸ ಇಲ್ಲ, ನಿಮ್ಮಕ್ಕನಾಣೆ."

"ತಳದಲ್ಲಿ ಬಿಳಿ ಪುಡಿ ಇತ್ತಲ್ಲ?"

"ಏನೋ ಕೊಳೆ ಇತ್ತು. ಮೂರು ಸಲ ಗಲಗಲ ಅಂತ ತೊಳೆದೆ. ನಿಮ್ಮಕ್ಕನ ಜೊತೆ ಬಾಳ್ವೆ ಮಾಡೋನು, ತೊಳೀದೆ ಏನನ್ನಾದ್ರೂ ತುಂಬ್ತೀನಾ?"

ಅವಳಿಗೆ ನಗು ಬಂತು. ಅಕ್ಕ ಸೋಪನ್ನೂ ತೊಳೆದಿಡುವವಳು.

"ಆ ಪುಡಿ ಕ್ಲೋರಿನ್ನನ್ನ ತಡೆಯೋಕೆ ಹಾಕಿರೋದು. ಅದಿಲ್ದೆ ಇದ್ರೆ ನೀವು ಸುರಿದ ಕ್ಲೋರಿನ್ನು ಇಲ್ಲಿಗೆ ಬರೋ ದಾರೀಲೇ ಬಾಟ್ಲಲ್ಲಿರೋದನ್ನೆಲ್ಲ ಕೊಲ್ಲುತ್ತೆ. ನಲ್ಲೀಲಿ ಹಿಡಿದು ಅಲ್ಲೇ ಕುಡಿಯೋರಿಗೆ ಅಷ್ಟು ಪುರುಸೊತ್ತಿರಲ್ಲ."

"ಅಂದ್ರೆ ಇದು ಪಾಸಾಗುತ್ತೆ."

ಹೇಳಬಾರದಿತ್ತು ಅನ್ನಿಸಿತು. ಪಾಸಾಗುತ್ತದೆ, ಒಂದು ಗುಳ್ಳೆಯೂ ಏಳದೆ.

ಅವನು ಸ್ಟೂಲಿನ ಮೇಲೆ ಕುಸಿದ. "ಪುಟ್ಟಿ, ಪೈಪು ಒಡೆದಿದ್ದು ನಾನಲ್ಲ. ಅಗೆದು ನೋಡಿ ಅಂತ ಬೇಡಿ ಬೇಡಿ ಸಾಕಾಯ್ತು."

"ಈಗಲಾದ್ರೂ ಅಗೀತಾರೆ."

"ಅಗೀತಾರೆ. ಮೊದ್ಲು ನನ್ನನ್ನ ಕಿತ್ತು ಆಮೇಲೆ ರಸ್ತೆ."

ಅದು ಸುಳ್ಳಲ್ಲ. ಅವಳು ಕೊಳವೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ನೀನೇನೂ ಮಾಡ್ಬೇಡ," ಅಂದ ಅವನು, ಈ ಸಲ ಮೆತ್ತಗೆ. "ಮುಖ ನೋಡ್ಕೊ, ಎಷ್ಟು ಸುಸ್ತಾಗಿದೀಯ. ನಮ್ಮನೆಗೆ ಹೋಗಿ ಮಲಕ್ಕೋ. ಬಾಟ್ಲು ಮೇಜಿನ ಮೇಲಿರುತ್ತೆ. ಮಧ್ಯಾಹ್ನದ ಪಾಳಿಯವಳು ಹಾಕ್ಕೊಳ್ತಾಳೆ. ನೀನು ನೋಡೇ ಇಲ್ಲ."

ಮಲಗು ಎಂಬ ಮಾತು ಅವಳ ಮಂಡಿಗಳವರೆಗೂ ಇಳಿಯಿತು. ಅಕ್ಕ ಒಗೆದು ಹಾಸಿದ ಹಾಸಿಗೆ, ಎಳೆದ ಪರದೆ, ಯಾರೂ ಏನೂ ಕೇಳದ ಕೋಣೆ. ಭಾವ ಒಂದೇ ಬೆರಳಿನಿಂದ ಬಾಟಲಿಯನ್ನು ಅವಳ ಕಡೆ ತಳ್ಳಿದ.

"ಬೇಡ," ಎಂದಳು. "ತಗೊಂಡ್ಹೋಗಿ ಭಾವ."